ಯಾರೂ ಕೇಳದ ಒಡಪು

ಪಿಯುಸಿ ಮುಗಿಸಿದ ಭುವನೇಶ್ವರಿಗೆ ಹುಟ್ಟಿದಾಗಿನಿಂದ ಮೊದಲ ಸಲ ಯಾರೋ ‘ನಿನಗೇನು ಇಷ್ಟ?’ ಎಂದು ಕೇಳಿದ್ದರು. ಕೇಳಿದ್ದು ಧಾರವಾಡದ ಕಡೆಯ ಒಂದು ವಸತಿ ಕಾಲೇಜು. ಕನ್ನಡವನ್ನೂ ಜನರ ಹಾಡು-ಕತೆಗಳನ್ನೂ ಓದಿಸುವ ಕಾಲೇಜು ಅದು. ಅಲ್ಲಿ ಸೇರಬೇಕಾದರೆ ‘ನನ್ನ ಆಸಕ್ತಿ’ ಎಂದು ಒಂದು ಪ್ರಬಂಧ ಬರೆದು ಕಳಿಸಬೇಕು. ಅದು ಅವರಿಗೆ ಹಿಡಿಸಿದರೆ ಫೋನಿನಲ್ಲಿ ಮಾತಾಡಿಸುತ್ತಾರೆ, ಆಮೇಲೆ ಸೀಟು.

ಭುವಿಗೆ ಹೋಗುವುದಿದ್ದರೆ ಅಲ್ಲಿಗೇ. ಅಪ್ಪ ಸಿದ್ಧರಾಮ ಮಾತು ಕೊಟ್ಟಿದ್ದ. “ಅಲ್ಲಿ ಸೀಟು ಸಿಕ್ಕರ ಹೋಗು. ಸಿಗಲಿಲ್ಲಂದ್ರ ಇಲ್ಲೇ ಇಂಡಿ ಊರಾಗ ಬಿ.ಕಾಂ. ಮಾಡು. ಮತ್ತ ಮಾರಿ ಊದಿಸಬಾರದು ನೋಡು.” ಲೆಕ್ಕದ ಪುಸ್ತಕ ಕಂಡರೆ ಭುವಿಗೆ ಜ್ವರ ಬರುತ್ತಿತ್ತು, ಹಾಗಾಗಿ ಈ ಪ್ರಬಂಧ ಅವಳ ಪಾಲಿಗೆ ಬರೀ ಪ್ರಬಂಧವಾಗಿರಲಿಲ್ಲ.

ಬರೆದಳು. ಬರೆದು, ತನ್ನೂರು ತಾಂಬಾದಿಂದ ಬಸ್ಸು ಹತ್ತಿ ಇಂಡಿಗೆ ಹೋಗಿ, ಪಿಯುಸಿಯಲ್ಲಿ ಕನ್ನಡ ಕಲಿಸಿದ ಬಸಂತರಾಯ ಸರ್ ಕೈಗೆ ಕೊಟ್ಟಳು. ಸರ್ ಅರ್ಧ ಪುಟ ಓದಿ ಕನ್ನಡಕ ತೆಗೆದರು.

“ಅಂಚೆಚೀಟಿ ಸಂಗ್ರಹ ಮಾಡ್ತೀಯೇನ?”

“ಹೌದ್ರಿ ಸರ್.”

“ಎಷ್ಟು ಕೂಡಿಸೀದಿ?”

ಭುವಿ ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟಳು.

“ಒಂದರ ಕಣ್ಣಿಲೆ ಕಂಡೀದೇನ?”

“ಗೈಡಿನ್ಯಾಗ ಚಿತ್ರ ನೋಡೇನ್ರಿ.”

ತಪ್ಪು ಹುಡುಗಿಯದಲ್ಲ ಬಿಡಿ. ನಮ್ಮ ಶಾಲೆಗಳಲ್ಲಿ ಹವ್ಯಾಸವೆಂದರೆ ಅಂಚೆಚೀಟಿಯೇ. ಅಪ್ಪ ಅದನ್ನೇ ಬರೆದ, ಮಗಳೂ ಅದನ್ನೇ ಬರೆದಳು; ನಡುವೆ ಕಾಗದ ಬರೆಯುವವರೇ ಇಲ್ಲವಾದದ್ದು ಗೈಡಿಗೆ ಗೊತ್ತಾಗಲಿಲ್ಲ. ಭುವಿಯ ಗೆಳತಿ ಸಾಕ್ಷಿ ಇನ್ನೂ ಧೈರ್ಯದವಳು, ತನ್ನ ಆಸಕ್ತಿ ಈಜು ಎಂದು ಮೊಬೈಲಿನಿಂದ ಇಳಿಸಿಕೊಂಡು ಕಳಿಸಿಯೇ ಬಿಟ್ಟಿದ್ದಳು. ತಲೆಯ ಮೇಲೆ ತಂಬಿಗೆ ನೀರು ಬಿದ್ದರೆ ಕಿರುಚುವ ಹುಡುಗಿ.

“ಸುಳ್ಳು ಬರದ್ರ ಫೋನಿನ್ಯಾಗ ಎರಡನೇ ಪ್ರಶ್ನಿಗೇ ಸಿಕ್ಕ ಬೀಳ್ತಿ,” ಎಂದರು ಸರ್. ಬೈಯಲಿಲ್ಲ. “ಯಾವ ಕೆಲಸ ಮಾಡೂವಾಗ ನಿನಗ ಹಸಿವು ಗೊತ್ತಾಗೂದಿಲ್ಲೋ ಅದನ್ನ ಬರಿ. ರವಿವಾರಕ್ಕ ಗಡುವು ಮುಗೀತೈತಿ, ನೆನಪಿರಲಿ.”

ಹಸಿವು ಗೊತ್ತಾಗದ ಕೆಲಸ ಯಾವುದೆಂದು ಬಸ್ಸಿನಲ್ಲಿ ಕೂರುವ ಮೊದಲೇ ಭುವಿಗೆ ಹೊಳೆದಿತ್ತು. ಹೊಳೆದದ್ದಕ್ಕೇ ಅವಳ ಮುಖ ಇನ್ನಷ್ಟು ಬಾಡಿತು.

ಅವಳು ಒಡಪು ಕಟ್ಟುತ್ತಿದ್ದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ಹಿಡಿಯುವುದಿಲ್ಲ. ಹೊಸ ಮದುಮಗಳು ಮನೆ ತುಂಬಲು ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು “ಹೆಸರು ಹೇಳಿ ಒಳಗ ಬಾ” ಎನ್ನುತ್ತಾರೆ. ಆಗ ಅವಳು ಪ್ರಾಸ ಹೊಂದಿಸಿ, ಆ ಸಾಲಿನೊಳಗೆ ಹೆಸರು ಸೇರಿಸಿ ಹೇಳಬೇಕು, ಅದೇ ಒಡಪು. ಎಲ್ಲರಿಗೂ ಪ್ರಾಸ ಎಲ್ಲಿ ಬರುತ್ತದೆ? ಬರದವರು ಮದುವೆಗೆ ಮುಂಚೆ ಹಿತ್ತಲ ಬಾಗಿಲಿನಿಂದ ಭುವಿಯ ಬಳಿ ಬರುತ್ತಿದ್ದರು. ಝಳಕಿಗೆ ಮದುವೆಯಾಗಿ ಹೋದ ಕೋಮಲ ಹೊಸ್ತಿಲಲ್ಲಿ ನಿಂತು,

‘ತಾಂಬಾದ ದಾರ್ಯಾಗ ಬೇವಿನ ಸಾಲ,
ಪರಶುರಾಯರ ಹೆಸರ ಹೇಳತೇನಿ, ಬಿಡ್ರೆವ್ವಾ ಬಾಗಲ’

ಎಂದಾಗ ಬೀಗರೆಲ್ಲ ತಲೆದೂಗಿದ್ದರು. ಭುವಿ ಜನರ ನಡುವೆ ಸುಮ್ಮನೆ ನಿಂತು ಒಳಗೊಳಗೇ ಹಿಗ್ಗಿದ್ದಳು. ಹಿಗ್ಗುವುದಕ್ಕಷ್ಟೇ ಅವಳಿಗೆ ಹಕ್ಕು. ಕೊಟ್ಟ ಒಡಪು ಹೇಳಿದವಳದು. ಕಟ್ಟಿದವಳ ಹೆಸರು ಹೊರಗೆ ಬಂದರೆ ಮದುಮಗಳ ಮರ್ಯಾದೆ ಹೋದಂತೆ. ಯಾರಾದರೂ ಅನುಮಾನಪಟ್ಟು ಕೇಳಿದರೆ “ನಾ ಅಲ್ಲರಿ” ಎಂದುಬಿಡುವುದು ಅವಳಿಗೆ ಉಸಿರಾಡಿದಷ್ಟು ರೂಢಿಯಾಗಿತ್ತು.

ಸಂಜೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಶೇವಂತೆವ್ವ ಮೊಮ್ಮಗಳನ್ನು ನೋಡಿದಳು. ಭುವಿ ಅವಳನ್ನು ಆಯಿ ಎಂದು ಕರೆಯುತ್ತಿದ್ದಳು.

“ಯಾಕವ್ವಾ, ಮಾರಿ ಸಣ್ಣ ಮಾಡೀದಿ?”

“ಒಡಪಿನ ಬಗ್ಗೆ ಬರದ್ರ ನಾ ಕಟ್ಟಿದ್ದು ಒಂದರ ತೋರಸಬೇಕಲ್ಲ ಆಯಿ. ಎಲ್ಲಾ ಕೊಟ್ಟಬಿಟ್ಟೇನಿ. ಒಂದೂ ನಂದಿಲ್ಲ.”

ಶೇವಂತೆವ್ವ ಮೊರ ಕೇರುವುದನ್ನು ನಿಲ್ಲಿಸಿದಳು. ಒಂದೆರಡು ಹರಳು ಆರಿಸಿ ಅಂಗಳಕ್ಕೆ ಎಸೆದಳು. ಆಮೇಲೆ ಮೊಮ್ಮಗಳ ಕಡೆ ನೋಡದೆಯೇ, “ಹಂಗಾರ ನನಗೊಂದು ಕಟ್ಟು,” ಎಂದಳು.

ಗಂಡ ತೀರಿಕೊಂಡವಳನ್ನು ಯಾರೂ ಒಡಪು ಕೇಳುವುದಿಲ್ಲ. ಅಜ್ಜ ಮಾಳಿಂಗಪ್ಪ ಹೋದದ್ದು ಭುವಿ ಹುಟ್ಟುವ ಮೊದಲು. ಅಂದಿನಿಂದ ಆಯಿ ಮದುವೆ ಮನೆಗಳಲ್ಲಿ ಹಿಂದೆ, ಗೋಡೆಗೆ ಆತು ಕೂತು ಎಲ್ಲರ ಒಡಪಿಗೂ ನಗುತ್ತಿದ್ದಳು. ಊರಿನ ಸೊಸೆಯರಿಗೆಲ್ಲ ಕಟ್ಟಿಕೊಟ್ಟವಳಿಗೆ ಒಂದು ದಿನವೂ ಮನೆಯ ಆಯಿ ನೆನಪಾಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ. ಭುವಿ ಮೊರದ ಪಕ್ಕದಲ್ಲೇ ಕೂತಳು.

“ಅಜ್ಜ ಹೆಂಗಿದ್ದ ಆಯಿ?”

“ಹೆಂಗಂದ್ರ? ಕುರಿ ಕಾಯಾಂವ ಹೆಂಗಿರ್ತಾನ, ಹಂಗಿದ್ದ.” ಶೇವಂತೆವ್ವ ಮೊರ ಬದಿಗಿಟ್ಟಳು. “ದೀಪಾವಳಿ ಆದಮ್ಯಾಲ ಕುರಿ ಹೊಡಕೊಂಡು ನಾಲತವಾಡದ ಕಡೆ, ಹೊಳಿ ದಂಡಿಗೆ ಹೋಗಾಂವ. ಹೋಗೂ ಮುಂದ ಹೊಸಾ ಕಂಬಳಿ ನನಗ ಬಿಟ್ಟು, ಹರಕ ಕಂಬಳಿ ಹೊತ್ಕೊಂಡು ಹೋಗಾಂವ. ಯಾಕಂದ್ರ, ‘ನನಗ ಕುರಿ ನಡುವ ಥಂಡಿ ಎಲ್ಲೈತಿ? ನಿನಗ ಐತಿ’ ಅನ್ನಾಂವ.”

ಆ ಕಂಬಳಿಯನ್ನೇ ಆಯಿ ಇವತ್ತಿಗೂ ಹೊದೆಯುತ್ತಿದ್ದಳು. ಬಣ್ಣ ಹೋಗಿತ್ತು, ಅಂಚು ಬಿಚ್ಚಿತ್ತು, ಬೇರೆ ತಂದರೆ ಬೇಡವೆನ್ನುತ್ತಿದ್ದಳು. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಭುವಿ ಅಲ್ಲೇ ಕೂತು ಕಟ್ಟಿದಳು. ಒಳಗಿನಿಂದ ಊಟಕ್ಕೆ ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಕಟ್ಟಿ ಕಿವಿಯಲ್ಲಿ ಹೇಳಿದಾಗ ಶೇವಂತೆವ್ವ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿಕೊಂಡಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು ಅಂಗಳಕ್ಕಿಳಿದಳು.

“ಒಡಪು ಕುಂತು ಹೇಳೂದಲ್ಲ. ಬಾಗಲಾ ಹಿಡಿ.”

ಭುವಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. ಊಟಕ್ಕೆ ಕರೆದು ಕರೆದು ಸಾಕಾದ ತಾಯಿ ಸುನೀತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು, ಹೊಸ್ತಿಲಾಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದ ಅತ್ತೆಯನ್ನು ನೋಡಿದಳು. ಏನು ನಡೆದಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

“ಹೆಸರು ಹೇಳಿ ಒಳಗ ಬರ್ರಿ, ಅತ್ತಿ,” ಎಂದಳು ಮೆಲ್ಲಗೆ.

“ಕುರಿ ಹೋದವು ಹೊಳಿ ದಂಡಿಗೆ, ಮನ್ಯಾಗ ಉಳದೈತಿ ಕಂಬಳಿ...” ಶೇವಂತೆವ್ವನ ದನಿ ಅಲ್ಲೇ ನಿಂತಿತು. ಅವಳು ಮತ್ತೆ ಮೊದಲಿನಿಂದ ಹಿಡಿದಳು.

“ಕುರಿ ಹೋದವು ಹೊಳಿ ದಂಡಿಗೆ, ಮನ್ಯಾಗ ಉಳದೈತಿ ಕಂಬಳಿ,
ಮಾಳಿಂಗಪ್ಪನವರ ಹೆಸರ ಹೇಳತೇನಿ, ಕೇಳಾವರು ಕೇಳಲಿ.”

ಭುವಿ ಕೈ ತೆಗೆದಳು. ಆಯಿ ಬಲಗಾಲಿಟ್ಟೇ ಒಳಗೆ ಬಂದಳು. ಕಣ್ಣೊರೆಸಿಕೊಂಡು, ವ್ಯವಹಾರ ಮುಗಿಸುವವಳ ಹಾಗೆ, “ಈಗಿದು ನಂದಾತು. ನಂದನ್ನ ನಾ ಯಾರಿಗರ ಕೊಡ್ತೇನಿ. ನಿನಗ ಕೊಟ್ಟೇನಿ. ಬರಿ,” ಎಂದಳು.

ಭುವಿ ಎಲ್ಲವನ್ನೂ ಬರೆದಳು: ಹಿತ್ತಲ ಬಾಗಿಲು, ಪ್ರಾಸ, ಕಂಬಳಿ, ಹೊಸ್ತಿಲಾಚೆ ನಿಂತ ಆಯಿ. ಊರಿನ ಬೇರೆ ಯಾರ ಹೆಸರೂ ಅದರಲ್ಲಿರಲಿಲ್ಲ. ರವಿವಾರ ಸರ್ ಅದನ್ನು ಓದಿ ಒಂದಕ್ಷರವನ್ನೂ ತಿದ್ದದೆ ಕಳಿಸಿದರು.

ಫೋನು ಬಂದದ್ದು ಮುಂದಿನ ತಿಂಗಳು. ಸುನೀತಾ ಹೊಲಕ್ಕೆ ಹೋಗಿದ್ದಳು, ಮನೆಯಲ್ಲಿ ಭುವಿ, ಆಯಿ ಇಬ್ಬರೇ. ಆಯಿಗೂ ಕೇಳಲಿ ಎಂದು ಭುವಿ ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಹಾಕಿದಳು. ಮಾತಾಡಿದವರು ಕಾಲೇಜಿನ ಮೇಡಂ. ಊರು, ಮನೆ ಎಲ್ಲ ಕೇಳಿ, “ಪ್ರಬಂಧ ನಮಗೆಲ್ಲ ತುಂಬ ಹಿಡಿಸಿತು. ಒಂದೇ ಒಂದು ಕೇಳಬೇಕಿತ್ತು. ಈ ಒಡಪು ನಿಜವಾಗಿಯೂ ನೀನೇ ಕಟ್ಟಿದ್ದಾ?” ಎಂದರು.

“ನಾ ಅ...”

ರೂಢಿ ಎಷ್ಟು ಕೆಟ್ಟದ್ದು ನೋಡಿ. ಇಷ್ಟು ದೂರ ಬಂದು ಆ ಹಾಳು ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಭುವಿ ಬಾಯಿ ಮುಚ್ಚಿದಳು. ಹೌದು ಎಂದು ರೂಢಿಯೇ ಇರಲಿಲ್ಲ. ಫೋನಿನಲ್ಲಿ ಮೇಡಂ ಕಾಯುತ್ತಿದ್ದರು. ಸೀಟು ಕಣ್ಣೆದುರೇ ಕೈ ಜಾರುತ್ತಿತ್ತು.

ಗೋಡೆಗೆ ಆತು ಕೂತಿದ್ದ ಶೇವಂತೆವ್ವ ಫೋನಿನ ಮೇಲೆ ಬಗ್ಗಿದಳು.

“ಆಕೀನ ಕಟ್ಟ್ಯಾಳ್ರಿ ಬಾಯಾರ! ನನಗ ಕಟ್ಟ್ಯಾಳ! ಊರಾಗ ಆಕೀನ ಎಲ್ಲಾರಿಗೂ ಕಟ್ಟಾಕಿ, ಹೇಳಾಕ ಅಂಜತಾಳ. ಆಕಿ ಹೆಸರು ಭುವನೇಶ್ವರಿ, ನಮ್ಮ ಮಾಳಿಂಗಪ್ಪನ ಮೊಮ್ಮಗಳು. ಬರಕೋರಿ!”

ಆ ಕಡೆ ಮೇಡಂ ಜೋರಾಗಿ ನಕ್ಕರು. “ಬರೆದುಕೊಂಡೆ ಅಜ್ಜಿ. ಭುವನೇಶ್ವರಿ, ಹೌದಾ?”

“ಹೌದ್ರಿ,” ಎಂದಳು ಭುವಿ. “ನಾನ ಕಟ್ಟೇನ್ರಿ.”

“ಹಾಸಿಗೆ ಕಟ್ಟಿಕೊಂಡು ಬಾ. ಪತ್ರ ಕಳಿಸ್ತೀವಿ.”

ಫೋನು ಇಟ್ಟ ಮೇಲೆ ಭುವಿ ಕುಣಿಯಬೇಕೆಂದು ಎದ್ದವಳು ಆಯಿಯನ್ನು ನೋಡಿ ನಿಂತಳು. ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣು ಮಾತ್ರ ಕಾಣುತ್ತಿದ್ದವು. ಒದ್ದೆಯಾಗಿದ್ದವು, ನಗುತ್ತಲೂ ಇದ್ದವು.

“ಏನಾತ ಆಯಿ?”

“ನಿಮ್ಮಜ್ಜನ ಹೆಸರ ಹಿಡದಬಿಟ್ಟೆನಲ್ಲವ್ವಾ ನಾ,” ಎಂದಳು ಆಯಿ ಸೆರಗಿನೊಳಗಿಂದ. “ಒಡಪಿಲ್ಲ, ಏನಿಲ್ಲ. ಬಾಗಲಾನೂ ಯಾರೂ ಹಿಡದಿದ್ದಿಲ್ಲ.”