ಜೊಲೀನ್ ಕ್ರೌಸಳ ಅಟ್ಟಣೆ

"ಯಾವನೋ ಅದು? ಯಾವ ಹಾಳಾದವನೋ ಇದನ್ನ ಮಾಡಿದ್ದು?"

ವೆಂಡಲ್ ಕ್ರೌಸ್ ದೋಣಿಯ ಮೋಟರು ಆರಿಸುವುದನ್ನೂ ಮರೆತು ಎದ್ದು ನಿಂತುಬಿಟ್ಟಿದ್ದ. ದೋಣಿ ಒಂದು ಪಕ್ಕಕ್ಕೆ ವಾಲಿತು. ಮುಂದಿನ ಹಲಗೆಯ ಮೇಲೆ, ಬೆನ್ನಿಗೆ ಒರಗು ಕಟ್ಟಿದ ಸೀಟಿನಲ್ಲಿ ಕೂತಿದ್ದ ಅವನ ಮಗಳು ಜೊಲೀನ್ ಎರಡೂ ಕೈಯಿಂದ ಅಂಚನ್ನು ಹಿಡಿದುಕೊಂಡಳು.

"ಅಪ್ಪಾ, ಕೂತ್ಕೋ. ನನ್ನೂ ಮುಳುಗಿಸ್ಬೇಡ."

ಅವನು ಕೂರಲಿಲ್ಲ. ಎದುರಿಗೆ ಜೊಂಡಿನ ನಡುವೆ, ಹದಿನಾಲ್ಕು ಕಂಬಗಳ ಮೇಲೆ ನಿಂತಿರಬೇಕಾಗಿದ್ದ ಬಾತುಬೇಟೆಯ ಅಟ್ಟಣೆ ಇರಲಿಲ್ಲ. ಬರೀ ಮೋಟುಗಳಿದ್ದವು. ನೀರಿನಿಂದ ಒಂದು ಗೇಣು ಮೇಲಕ್ಕೆ, ಮೋಟರು ಗರಗಸದಲ್ಲಿ ಹದಿನಾಲ್ಕನ್ನೂ ಒಂದೇ ಸಮ ಕೊಯ್ದು ಹಾಕಿದ್ದರು. ಮೇಲಿನ ಹಲಗೆಮನೆ ಮಗುಚಿಕೊಂಡು ಕೆಸರಿನಲ್ಲಿ ಬಿದ್ದಿತ್ತು. ಚಾವಣಿಯ ತಗಡು ಹೋಗಿತ್ತು, ಹಕ್ಕಿಗಳನ್ನು ಸೆಳೆಯಲು ನೀರಿಗೆ ಬಿಡುವ ಹುಸಿ ಬಾತುಗಳ ಎರಡು ಚೀಲ ಹೋಗಿತ್ತು, ಒಲೆ ಹೋಗಿತ್ತು. ಗರಗಸದ ಪುಡಿ ಇನ್ನೂ ಹಳದಿಯಾಗಿ ಜೊಂಡಿನ ಬುಡದಲ್ಲಿ ತೇಲುತ್ತಿತ್ತು. ಅಂದರೆ ನಿನ್ನೆಯೋ ಮೊನ್ನೆಯೋ ಆದ ಕೆಲಸ.

ಇಲಿನಾಯ್ ನದಿಯ ಈ ಹಿನ್ನೀರು ಯಾರಪ್ಪನ ಆಸ್ತಿಯೂ ಅಲ್ಲ. ಮೂರು ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ, ಹೆಸರು ಬಂದವರು ತಮ್ಮ ಜಾಗದಲ್ಲಿ ಅಟ್ಟಣೆ ಕಟ್ಟಿಕೊಳ್ಳಬೇಕು. ಹೋದ ವರ್ಷ ಬಂದದ್ದು ಜೊಲೀನಳ ಹೆಸರು. ಅದಕ್ಕೂ ಐದು ವರ್ಷದ ಹಿಂದೆ ಜಿಂಕೆ ಬೇಟೆಗೆ ಮರಕ್ಕೆ ಕಟ್ಟಿದ ಏಣಿಯಿಂದ ಬಿದ್ದು ಅವಳ ಸೊಂಟದ ಕೆಳಗೆ ಜೀವ ಇಲ್ಲದಂತಾಗಿತ್ತು. ಆ ಏಣಿಯನ್ನು ಮರಕ್ಕೆ ಪಟ್ಟಿಯಿಂದ ಬಿಗಿದವನು ವೆಂಡಲ್ಲೇ. ಹೆಸರು ಬಂದ ದಿನ ಅವನು ಅಂಗಳದಲ್ಲಿ ಕೂತು ಗಳಗಳ ಅತ್ತಿದ್ದ. ಆಮೇಲೆ ಇಡೀ ಬೇಸಿಗೆ ಸುತ್ತಿಗೆ ಕೆಳಗಿಡಲಿಲ್ಲ. ದೋಣಿ ನೇರ ಒಳಕ್ಕೆ ನುಗ್ಗುವ ಹಾಗೆ ಕೆಳಗೊಂದು ಗೂಡು, ಅಲ್ಲಿಂದ ಅವಳು ತೋಳಿನ ಬಲದಲ್ಲೇ ಮೇಲೆ ಜಾರಿಕೊಳ್ಳುವ ಹಲಗೆ, ಅವಳ ಎತ್ತರಕ್ಕೇ ಕೊಯ್ದ ಗುಂಡು ಹಾರಿಸುವ ಕಿಂಡಿ. ಅಲ್ಲಿ ಯಾರೂ ಅವಳನ್ನು ಎತ್ತಬೇಕಾಗಿರಲಿಲ್ಲ.

"ಬುಧವಾರ ತಪಾಸಣೆ," ಎಂದಳು ಜೊಲೀನ್. "ಅಷ್ಟರೊಳಗೆ ಅಟ್ಟಣೆ ನಿಂತಿರದಿದ್ರೆ ಜಾಗ ಮುಂದಿನ ಹೆಸರಿಗೆ ಹೋಗುತ್ತೆ."

"ಗೊತ್ತು ಕಣೇ!"

"ನನ್ಮೇಲೆ ಯಾಕೆ ಕೂಗ್ತೀಯ?"

"ಇನ್ಯಾರ ಮೇಲೆ ಕೂಗ್ಲಿ? ನಾಲ್ಕು ದಿನ! ನಾಲ್ಕು ದಿನದಲ್ಲಿ ಹದಿನಾಲ್ಕು ಕಂಬ ನೆಡೋಕೆ ನಾನೇನು ದೆವ್ವವಾ?" ವೆಂಡಲ್ ದೋಣಿಯ ಹುಟ್ಟು ಎತ್ತಿ ಹತ್ತಿರದ ಮೋಟಿಗೆ ಒಂದು ಬಾರಿಸಿದ. ಅರವತ್ನಾಲ್ಕರ ಮುದುಕ, ಮೊಣಕೈವರೆಗೆ ನೋವು ಜುಮ್ಮೆಂದಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ದೋಣಿಕಟ್ಟೆಗೆ ಮರಳುವ ದಾರಿಯಲ್ಲಿ, ನದಿಯ ತಿರುವಿನಲ್ಲಿ, ಒಲೆ ಕಂಡಿತು.

ಬಚ್ಚಿಟ್ಟಿರಲಿಲ್ಲ, ಮೇಲೊಂದು ಗೋಣಿಯನ್ನಾದರೂ ಹೊದಿಸಿರಲಿಲ್ಲ. ಡೆಲ್ಮರ್ ಪ್ರುಯಿಟ್‌ನ ಮನೆ ಮುಂದಿನ ಮರದ ಕಟ್ಟೆಯ ಮೇಲೆ, ನದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ವೆಂಡಲ್ ತಾನೇ ಕೊಳವೆ ಕತ್ತರಿಸಿ ಬೆಸೆದ ಗಿಡ್ಡ ಒಲೆ ಹೊಗೆ ಬಿಡುತ್ತಿತ್ತು. ಪಕ್ಕದಲ್ಲಿ ಡೆಲ್ಮರ್ ಮಗುಚಿದ ಬಕೆಟ್ಟಿನ ಮೇಲೆ ಕೂತು ಮೀನು ಸುಡುತ್ತಿದ್ದ.

ವೆಂಡಲ್ಲನಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಇಬ್ಬರೂ ಒಂದೇ ಸರಕುದೋಣಿಯಲ್ಲಿ ಹಗ್ಗ ಎಳೆದವರು, ಒಂದೇ ಡಬ್ಬಿಯಿಂದ ಊಟ ಮಾಡಿದವರು. ಚೀಟಿಯಲ್ಲಿ ಡೆಲ್ಮರ್‌ನ ಹೆಸರು ಬರಲಿಲ್ಲ, ಜೊಲೀನಳದು ಬಂತು. ಕಳೆದ ಡಿಸೆಂಬರಿನಿಂದ ಅವನು ಮಾತು ಬಿಟ್ಟಿದ್ದ. ಹೊಟ್ಟೆಕಿಚ್ಚು, ಇನ್ನೇನು, ಎಂದು ವೆಂಡಲ್ ಸುಮ್ಮನಿದ್ದ. ಹೆಪ್ಪುಗಟ್ಟಿದ ನದಿಯ ಮೇಲೆ ಮೀನು ಹಿಡಿಯಲು ಹೋಗಿ ಕೈ ಹಾಳು ಮಾಡಿಕೊಂಡನಂತೆ ಎಂದು ಯಾರೋ ಹೇಳಿದಾಗಲೂ ನೋಡಲು ಹೋಗಿರಲಿಲ್ಲ.

ದೋಣಿ ಡೆಲ್ಮರ್‌ನ ಕಟ್ಟೆಗೆ ದಡಕ್ಕೆಂದು ಬಡಿಯಿತು. ವೆಂಡಲ್ ಹಗ್ಗವನ್ನು ಒಂದು ಸುತ್ತು ಸುತ್ತಿ ಮೇಲೆ ಹಾರಿದ.

"ಎದ್ದೇಳೋ! ಎದ್ದೇಳೋ ಕಳ್ಳ ನನ್ಮಗನೆ!"

"ಬಾ ವೆಂಡಲ್," ಎಂದ ಡೆಲ್ಮರ್, ಏಳದೆ. "ಎರಡು ದಿನದಿಂದ ಕಾಯ್ತಾ ಇದೀನಿ. ಮೀನು ತಿಂತೀಯಾ?"

"ನಡೆಯೋಕಾಗದ ಹುಡುಗಿಯ ಜಾಗ ಕಡಿದು ಹಾಕಿ ಅದೇ ಒಲೆ ಮೇಲೆ ಮೀನು ಸುಡ್ತೀಯಲ್ಲೋ, ಗಂಟಲಲ್ಲಿ ಇಳಿಯುತ್ತಾ ನಿಂಗೆ? ಚೀಟಿ ಬರ್ಲಿಲ್ಲ ಅಂತ ಇಷ್ಟು ಹೊಟ್ಟೆಕಿಚ್ಚಾ?"

"ಚೀಟಿ!" ಡೆಲ್ಮರ್ ನಕ್ಕ. ಆಮೇಲೆ ಬಲಗೈಯ ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಕೈ ಚಾಚಿದ. ಹೆಬ್ಬೆರಳೂ ತೋರುಬೆರಳೂ ಇದ್ದವು. ಉಳಿದ ಮೂರರ ಜಾಗದಲ್ಲಿ ಕೆಂಪಗೆ ಹೊಳೆಯುವ ಗಂಟುಗಳು. "ಡಿಸೆಂಬರು ಇಪ್ಪತ್ತೊಂದು. ಉತ್ತರದ ಗಾಳಿ ಎದ್ದ ದಿನ. ಎಲ್ಲಿದ್ದೆ ನೀನು?"

ವೆಂಡಲ್ ಒಂದು ಹೆಜ್ಜೆ ಹಿಂದೆ ಸರಿದ.

"ನಾನು ನೀರಿನ ಮೇಲಿದ್ದೆ. ಮೋಟರು ಕೆಟ್ಟು ಕೂತ್ಕೊಂಡ್ತು, ದೋಣಿ ಅರ್ಧ ತುಂಬಿತ್ತು. ಅಷ್ಟರಲ್ಲಿ ನಿಮ್ಮ ಅಟ್ಟಣೆ ಕಾಣ್ತು. ಸದ್ಯ, ಬದುಕಿದೆ ಅಂದ್ಕೊಂಡೆ. ಒಳಗೆ ಒಲೆ ಇದೆ, ಕಡ್ಡಿಪೆಟ್ಟಿಗೆ ಇದೆ. ಬಾಗಿಲು ತಳ್ದೆ. ಬೀಗ! ಕೆಳಗಿನ ಗೂಡಿಗೆ ಹೋದೆ. ಅದಕ್ಕೂ ಬೀಗ! ಹುಟ್ಟಿನಲ್ಲಿ ಬಡಿದೆ. ಹುಟ್ಟು ಮುರೀತು, ಬೀಗ ಮುರೀಲಿಲ್ಲ. ಒಳ್ಳೇ ಬೀಗ ತಂದಿದ್ದೆ ಬಿಡು." ಡೆಲ್ಮರ್ ಆ ಕೈಯನ್ನು ಎದೆಗೆ ಒತ್ತಿಕೊಂಡ. "ನಾಲ್ಕು ಗಂಟೆ ಹೊತ್ತು ನಿನ್ನ ಕಂಬ ತಬ್ಬಿಕೊಂಡು ನಿಂತಿದ್ದೆ ಕಣೋ, ಚಳಿಗೆ ಬೆರಳು ಮರಗಟ್ಟಿ ಸಾಯೋವರೆಗೂ. ಗೋಡೆ ಆ ಕಡೆ ಒಲೆ, ಈ ಕಡೆ ನಾನು."

ಈ ನದಿಯಲ್ಲಿ ಅಟ್ಟಣೆಗೆ ಬೀಗ ಹಾಕುವುದಿಲ್ಲ. ಯಾರೂ ಹಾಕುವುದಿಲ್ಲ. ನದಿ ತಿರುಗಿಬಿದ್ದರೆ ಯಾರ ಅಟ್ಟಣೆಯೋ ಅದಕ್ಕೆ ನುಗ್ಗಬೇಕು, ಒಲೆ ಹಚ್ಚಬೇಕು, ಹೋಗುವಾಗ ಒಣ ಕಡ್ಡಿ ಬಿಟ್ಟು ಹೋಗಬೇಕು. ವೆಂಡಲ್‌ಗೆ ಇದನ್ನು ಕಲಿಸಿದವನು ಅವನಪ್ಪ, ವೆಂಡಲ್ ಜೊಲೀನಳಿಗೆ ಕಲಿಸಿದ್ದ. ಆದರೆ ಅವಳನ್ನು ಗಾಡಿಯಿಂದ ದೋಣಿಗೆ ಇಳಿಸಿ ಹೊರಡುವಷ್ಟರಲ್ಲಿ ಒಂದು ಗಂಟೆ ಹಿಡಿಯುತ್ತಿತ್ತು. ಬೆಳಕು ಹರಿದಾಗ ಒಡೆಯರು ಬಂದಿರದಿದ್ದರೆ ಮೊದಲು ಬಂದವನು ಕೂರಬಹುದೆಂಬುದು ನಿಯಮ. ಎರಡು ಸಲ ಷಿಕಾಗೋ ಕಡೆಯ ಹುಡುಗರು ಮೊದಲೇ ಬಂದು ಕೂತಿದ್ದರು, ಎರಡು ಸಲವೂ ಅವಳು ಮಾತಿಲ್ಲದೆ ಮನೆಗೆ ಮರಳಿದ್ದಳು. ಮೂರನೆಯ ಸಲ ವೆಂಡಲ್ ಬೀಗ ತಂದ. ಅವಳಿಗೆ ಹೇಳಲಿಲ್ಲ. ಒಳಗೆ ಇಲಿಗಿಲಿ ಇದ್ದಾವು ನೋಡ್ತೀನಿ ಎನ್ನುತ್ತ ಮುಂದೆ ಹೋಗಿ, ಬೆನ್ನು ಅಡ್ಡ ಕೊಟ್ಟು ಬೀಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಅಪ್ಪಾ."

ದೋಣಿಯಿಂದ ಬಂದ ಆ ದನಿಗೆ ಅವನು ತಿರುಗಲಿಲ್ಲ.

"ಅಪ್ಪಾ, ಇತ್ಲಾಗೆ ನೋಡು. ಬೀಗ ಹಾಕಿದ್ಯಾ?"

"ನಿನಗೋಸ್ಕರ ಕಣಮ್ಮ..."

"ಅಟ್ಟಣೆ ಮೇಲೆ ಯಾರ ಹೆಸರಿತ್ತು?"

ಜೊಲೀನ್ ಕ್ರೌಸ್ ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬಿಳಿ ಬಣ್ಣದಿಂದ ಬರೆದವನು ವೆಂಡಲ್ಲೇ. ಕಾನೂನಿಗೆ ಇಷ್ಟು ದಪ್ಪ ಬೇಕಿರಲಿಲ್ಲ.

"ಹತ್ತು ತಿಂಗಳು!" ಅವಳು ಕೂಗಿದಳು. ಅವಳು ಕೂಗಿದ್ದನ್ನು ಅವನು ಕೇಳಿ ವರ್ಷಗಳೇ ಆಗಿದ್ದವು. "ಹತ್ತು ತಿಂಗಳಿಂದ ದೋಣಿಕಟ್ಟೇಲಿ ನನ್ನ ಕಂಡ್ರೆ ಎಲ್ಲಾರೂ ಮುಖ ತಿರುಗಿಸ್ತಾರೆ. ನನ್ನ ಗಾಲಿಕುರ್ಚಿ ನೋಡೋಕಾಗದೆ ಅಂತ ಅಂದ್ಕೊಂಡಿದ್ದೆ ನಾನು. ಪಾಪ, ಏನು ಮಾತಾಡೋದು ಅಂತ ಗೊತ್ತಾಗಲ್ಲ ಅವರಿಗೆ ಅಂತ ನಾನೇ ಅವರ ಪರ ವಾದ ಮಾಡ್ಕೊಳ್ತಿದ್ದೆ. ಇವರ ಬೆರಳು ತಿಂದವಳು ನಾನು ಅಂತ ನೋಡ್ತಿದ್ರಾ?"

ಡೆಲ್ಮರ್ ಈಗ ಎದ್ದು ನಿಂತಿದ್ದ. "ನಿಂಗೆ ಗೊತ್ತೇ ಇರ್ಲಿಲ್ವಾ ಮಗೂ?"

"ಯಾರು ಹೇಳಿದ್ರು? ನೀವು ಹೇಳಿದ್ರಾ ಡೆಲ್ಮರ್ ಮಾಮ? ಒಬ್ಬರಾದ್ರೂ ಬಂದು, ಯಾಕೆ ಹಿಂಗ್ ಮಾಡ್ದೆ ಅಂತ ನನ್ನ ಬೈದ್ರಾ?"

"ಗಾಲಿಕುರ್ಚಿ ಮೇಲಿರೋ ಹುಡುಗೀನ ಯಾರು ಬೈತಾರೆ?"

"ಓಹೋ! ಬೈಯೋಕಾಗಲ್ಲ, ಅಟ್ಟಣೆ ಕಡಿಯೋಕಾಗುತ್ತೆ. ಗರಗಸ ತಂದ ಮನುಷ್ಯ ಬೀಗದ ಬಾಗಿಲು ಕೊಯ್ದು ಹೋಗಬಹುದಿತ್ತು. ನನ್ನ ಹಲಗೆ, ನನ್ನ ಕಿಂಡಿ ಏನು ಮಾಡಿತ್ತು ನಿಮಗೆ?"

ಡೆಲ್ಮರ್ ತನ್ನ ಕೈಯನ್ನು ಮತ್ತೆ ಕೈಗವಸಿನೊಳಗೆ ತುರುಕಲು ಹೋದ, ಬೆರಳಿಲ್ಲದ ಕಡೆ ಬಟ್ಟೆ ಮಡಚಿಕೊಂಡು ಸೇರಲಿಲ್ಲ. "ಸಿಟ್ಟು ಬಂದಿತ್ತು," ಎಂದ.

"ನಂಗೂ ಬಂದಿದೆ."

ಜೊಲೀನ್ ಒರಗಿನ ಪಟ್ಟಿ ಬಿಚ್ಚಿದಳು. ಅಂಗೈಗಳನ್ನು ಹಲಗೆಗೆ ಊರಿ, ಮೈಯನ್ನು ಎತ್ತಿ ಎತ್ತಿ ಇಡುತ್ತ ಹಿಂದಿನ ಸೀಟಿನತ್ತ ಸರಿಯತೊಡಗಿದಳು. ಕಾಲುಗಳು ಹಿಂದೆ ತಳದ ನೀರಿನಲ್ಲಿ ಎಳೆದುಕೊಂಡು ಬಂದವು. ವೆಂಡಲ್ "ಇರೇ, ಇರೇ, ನಾನು ಬರ್ತೀನಿ" ಎಂದು ಕಟ್ಟೆಯ ಅಂಚಿಗೆ ಓಡಿಬಂದ.

"ಮುಟ್ಟಬೇಡ ನನ್ನ."

"ಎಲ್ಲಿಗೆ ಹೋಗ್ತೀಯ? ನೀನು ಯಾವತ್ತು ದೋಣಿ ಓಡಿಸಿದೀಯ?"

"ನೀನು ಬಿಟ್ಟಿದ್ರಲ್ವಾ ಓಡಿಸೋದು!" ಅವಳು ಹಗ್ಗವನ್ನು ಬಿಚ್ಚಿ ದೋಣಿಯೊಳಗೆ ಎಸೆದುಕೊಂಡಳು. "ಇವತ್ತು ಶನಿವಾರ. ದೋಣಿಕಟ್ಟೇಲಿ ಎಲ್ಲಾರೂ ಇರ್ತಾರೆ. ಹೆಸರು ನಂದು, ಬೀಗ ನಮ್ಮನೇದು ಅಂತ ನಾನೇ ಹೇಳ್ತೀನಿ. ಆಮೇಲೆ ಕಂಬ ನೆಡೋಕೆ ಬರ್ತೀರಾ ಅಂತ ಕೇಳ್ತೀನಿ. ಬರಲ್ಲ ಅಂದ್ರೆ ಬೇಡ. ನನ್ನ ಮುಖ ನೋಡಿ ಬರಲ್ಲ ಅನ್ಲಿ."

"ಅಲ್ಲಿ ನಿನ್ನ ಇಳಿಸೋರು ಯಾರೇ? ಕುರ್ಚಿ ಗಾಡೀಲಿದೆ, ಗಾಡಿ ಮೇಲುಗಡೆ ಇದೆ..."

"ಅದನ್ನೂ ಕೇಳ್ತೀನಿ."

ಮೂರನೆಯ ಎಳೆತಕ್ಕೆ ಮೋಟರು ಹತ್ತಿಕೊಂಡಿತು. ದೋಣಿ ಮೊದಲು ಅಡ್ಡಾದಿಡ್ಡಿ ಹೋಯಿತು, ಒಮ್ಮೆ ಜೊಂಡಿಗೆ ಮೂತಿ ತುರುಕಿತು, ಅವಳು ಜೋರಾಗಿ ಏನೋ ಬೈದದ್ದು ಕೇಳಿಸಿತು. ಆಮೇಲೆ ಹೊಳೆಯ ನಡುವಿಗೆ ಬಂದು ನೇರವಾಯಿತು. ವೆಂಡಲ್ ಕಟ್ಟೆಯ ತುದಿಯಲ್ಲಿ ನಿಂತ. ಕೈಗಳು ಇನ್ನೂ ಮುಷ್ಟಿ ಕಟ್ಟಿದ್ದವು, ಅವುಗಳಿಂದ ಈಗ ಯಾರನ್ನು ಹೊಡೆಯಬೇಕೆಂದು ತಿಳಿಯಲಿಲ್ಲ. ಹಿಂದೆ ಮೀನು ಸೀದು ಕಮರು ವಾಸನೆ ಬರುತ್ತಿತ್ತು. ಇಬ್ಬರೂ ಅದನ್ನು ತಿರುವಿಹಾಕಲು ಹೋಗಲಿಲ್ಲ.

ಇನ್ನೂರು ಗಜ ಆಚೆ ದೋಣಿಕಟ್ಟೆಯ ಇಳಿಜಾರಿನಲ್ಲಿ ಗಾಡಿಗಳೂ ಕಂದು ಅಂಗಿಯ ಗಂಡಸರೂ ಇದ್ದರು. ಮೋಟರಿನ ಸದ್ದು ನಿಂತಿತು. ಅವಳು ಮಾತಾಡುತ್ತಿರಬೇಕು, ಒಂದು ಕೈ ಮೇಲೆದ್ದಿತು, ಇಳಿಯಿತು. ಮಾತು ಇಲ್ಲಿಗೆ ಕೇಳಿಸಲಿಲ್ಲ. ಗಂಡಸರು ನಿಂತಲ್ಲೇ ನಿಂತಿದ್ದರು. ದೋಣಿ ದಡ ಮುಟ್ಟದೆ ಸೆಳವಿಗೆ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಜಾರುತ್ತಿತ್ತು.

ಆಗ ಅವರಲ್ಲೊಬ್ಬ ಕೈಯಲ್ಲಿದ್ದ ಲೋಟವನ್ನು ಗಾಡಿಯ ಮೇಲಿಟ್ಟು, ಬೂಟನ್ನೂ ಬಿಚ್ಚದೆ, ನೀರಿಗೆ ಇಳಿದ.