ಉದ್ದ ಮೊಳೆಯ ಬೂಟುಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಮೆರಿಕನ್ ಫುಟ್‌ಬಾಲ್ ತಂಡದ ಬಟ್ಟೆ, ಬೂಟು, ಹೆಲ್ಮೆಟ್ಟುಗಳನ್ನು ನೋಡಿಕೊಳ್ಳುವ ಹೆಂಗಸು ನಾನು. ಹೊರಊರಿನ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡಿ ಬಂದ ಹುಡುಗರ ಬಟ್ಟೆಯನ್ನು ಒಂದು ಸಲ ಒಗೆದು ನೋಡಿ, ಆಮೇಲೆ ನನ್ನ ಕೋಪದ ಮಾತೆತ್ತಿ. ಆ ಹುಲ್ಲಿನ ಬುಡಕ್ಕೆ ಸುರಿಯುವ ಕರಿ ರಬ್ಬರಿನ ಪುಡಿ ಕಾಲುಚೀಲದಲ್ಲಿ, ಮೊಣಕಾಲಿನ ಪಟ್ಟಿಯಲ್ಲಿ, ಕೊನೆಗೆ ನನ್ನ ಮೆಷಿನ್ನಿನ ಹೊಟ್ಟೆಯಲ್ಲಿ. ಒಂದು ರಾತ್ರಿ ಊಟದ ಸೂಪಿನಲ್ಲೂ ಒಂದು ಚೂರು ಸಿಕ್ಕಿತು. ಹುಲ್ಲಿನ ಕಲೆ ಹಾಗಲ್ಲ. ಹಸಿಯಾಗಿರುವಾಗಲೇ ವಿನಿಗರ್ ಹಾಕಿ ತಿಕ್ಕಿದರೆ ಹೋಗುತ್ತದೆ.

ಅಯೋವಾದ ನಮ್ಮ ಈ ಭಾಗದಲ್ಲಿ ನಿಜವಾದ ಹುಲ್ಲು ಉಳಿದಿದ್ದುದು ನಮ್ಮ ಮೈದಾನದಲ್ಲಿ ಮಾತ್ರ. ಅದನ್ನು ಕಿತ್ತು ಪ್ಲಾಸ್ಟಿಕ್ ಹಾಸುವುದಾದರೆ ಪೂರ್ತಿ ಖರ್ಚು ನನ್ನದು ಎಂದು ಎಲ್ಡನ್ ಹೋಕ್‌ಸ್ಟ್ರಾ ಹೇಳಿದ್ದ. ಟ್ರ್ಯಾಕ್ಟರ್ ಮಾರಿ ಶ್ರೀಮಂತನಾದವನು, ಇದೇ ಮೈದಾನದಲ್ಲಿ ಆಡಿ ಬೆಳೆದವನು. ಕೆಟ್ಟವನೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಕಾಫಿ ಅಂಗಡಿಯಲ್ಲಿ ಸಿನಮನ್ ರೋಲ್ ಮುರಿಯುತ್ತ ಅವನು ನನಗೇ ಹೇಳಿದ್ದ.

"ಮಳೆ ಬಂದ್ರೆ ಬ್ಯಾಂಡಿನೋರನ್ನ ಒಳಗೆ ಬಿಡಲ್ಲ, ಹುಡುಗೀರ ಸಾಕರ್ ತಂಡಾನ ಬಿಡಲ್ಲ. ಬೇಲಿ ಹಾಕಿ ಪೂಜೆ ಮಾಡೋಕೆ ಅದೇನು ದೇವರಾ, ಮಾರ್ಲಿಸ್?"

"ಹಾರ್‌ಗ್ರೋವ್‌ನವರನ್ನ ಈ ಸಲ ಅದೇ ಹುಲ್ಲಿನ ಮೇಲೆ ಸೋಲಿಸ್ತೀವಿ, ನೋಡ್ತಿರು."

"ಕೆಸರಲ್ಲಿ ಗೆದ್ರೆ ಅದು ಕೆಸರಿನ ಗೆಲುವು, ನಿಮ್ದಲ್ಲ."

ನಾನು ಅವನ ರೋಲಿನ ಅರ್ಧ ಕಿತ್ತು ತಿಂದೆ. ವರ್ಷಗಟ್ಟಲೆ ನಮ್ಮನ್ನು ಸೋಲಿಸುತ್ತಲೇ ಬಂದಿದ್ದ ಹಾರ್‌ಗ್ರೋವ್ ಕಾಲೇಜಿನ ಜೊತೆಗಿನ ಆಟ ಶನಿವಾರ. ಪ್ಲಾಸ್ಟಿಕ್ಕಿನ ಬಗ್ಗೆ ಆಡಳಿತ ಮಂಡಳಿಯ ತೀರ್ಮಾನ ಸೋಮವಾರ.

ಹುಲ್ಲು ಉಳಿಯಬೇಕೆಂದು ನಾನು ಇಷ್ಟು ಹಟ ಹಿಡಿದದ್ದು ಬಟ್ಟೆ ಒಗೆಯುವ ಕಷ್ಟಕ್ಕಲ್ಲ. ನನ್ನ ಮಗ ಗೆರಿಟ್ ಇದೇ ತಂಡದ ಓಟಗಾರ. ಮೊಟ್ಟೆಯಾಕಾರದ ಆ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ನುಗ್ಗುವುದೇ ಅವನ ಕೆಲಸ. ಮೊದಲ ವರ್ಷ ಹೊರಊರಿನ ಪ್ಲಾಸ್ಟಿಕ್ ಮೈದಾನದಲ್ಲಿ ಓಡುತ್ತ ತಟ್ಟನೆ ತಿರುಗಿದ. ಬೂಟು ನೆಲಕ್ಕೆ ಕಚ್ಚಿಕೊಂಡಿತು, ಮೈ ತಿರುಗಿತು, ನಡುವೆ ಸಿಕ್ಕಿದ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಮಾಡಿದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. "ಹುಲ್ಲಿನ ಮೇಲೆ ಆಡ್ತೀಯಾ, ಆಡು. ಪ್ಲಾಸ್ಟಿಕ್ ಮೇಲೆ ಆಡಿದ್ರೆ ಮತ್ತೆ ನನ್ನ ಹತ್ರ ಬರ್ಬೇಡ."

ಅಂದಿನಿಂದ ಹೊರಊರಿನ ಆಟಗಳಿಗೆ ಅವನು ಬರೀ ನೀರಿನ ಬಾಟಲಿ ಹಿಡಿದು ಬೆಂಚಿನಲ್ಲಿ ಕೂರುತ್ತಾನೆ. ಆಡುವುದು ನಮ್ಮ ಮೈದಾನದಲ್ಲಿ ಮಾತ್ರ. ಇನ್ನೂ ಒಂದು ವರ್ಷ ಬಾಕಿಯಿತ್ತು. ಸೋಮವಾರ ಪ್ಲಾಸ್ಟಿಕ್ ಗೆದ್ದರೆ ಆ ವರ್ಷವೂ ಬೆಂಚಿನಲ್ಲೇ ಕಳೆಯುತ್ತಿತ್ತು.

ಗುರುವಾರದಿಂದ ಮಳೆ ಹಿಡಿಯಿತು. ಶನಿವಾರ ಬೆಳಿಗ್ಗೆ ನಿಂತಿತು, ಆದರೆ ನೆಲವೆಲ್ಲ ನೆನೆದು ಮೆತ್ತಗಾಗಿತ್ತು. ನಾನು ಟವಲ್ಲು ಮಡಚುತ್ತಿದ್ದಾಗ ಓಟಿಸ್ ಬ್ರಿಗ್ಸ್ ಬಾಗಿಲಲ್ಲಿ ಬಂದು ನಿಂತ. ಹಾರ್‌ಗ್ರೋವ್‌ನಲ್ಲಿ ನನ್ನದೇ ಕೆಲಸ ಮಾಡುವವನು. ಮುಖ ಹುಳ್ಳಗಿತ್ತು.

"ಏನೋ, ದೆವ್ವ ನೋಡಿದೋನ ಥರ ನಿಂತಿದೀಯಾ?"

"ಮಾರಾಯ್ತಿ, ನಗಬೇಡ. ನಮ್ಮ ಮೈದಾನಾನೂ ಪ್ಲಾಸ್ಟಿಕ್, ಹೋದಲ್ಲೆಲ್ಲ ಪ್ಲಾಸ್ಟಿಕ್. ಹುಲ್ಲು ಅನ್ನೋದೇ ಮರ್ತುಹೋಗಿತ್ತು. ಹುಡುಗ್ರೆಲ್ಲ ಪ್ಲಾಸ್ಟಿಕ್ಕಿಗೆ ಹಾಕೋ ಗಿಡ್ಡ ಮೊಳೆ ಬೂಟು ತಂದಿದಾರೆ. ಉದ್ದ ಮೊಳೆಯವು ಪೆಟ್ಟಿಗೆಯಲ್ಲೇ ಉಳಿದ್ವು, ಊರಲ್ಲಿ."

ನಾನು ನಕ್ಕೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗಿಡ್ಡ ಮೊಳೆಯಲ್ಲಿ ಈ ನೆಲದ ಮೇಲೆ ನಿಂತರೆ ಬೆಣ್ಣೆಯ ಮೇಲೆ ನಿಂತಂತೆ. ನಗು ನಿಂತ ಮೇಲೆ ಅವನು ಏನು ಕೇಳಲು ಬಂದಿದ್ದಾನೆಂದು ಹೊಳೆಯಿತು. ನಮ್ಮ ಕಸುಬಿನವರಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟಳೆಯಿದೆ. ಬಂದ ತಂಡ ಏನನ್ನು ಮರೆತಿದ್ದರೂ ಮೈದಾನದ ಊರಿನವರು ಕೊಡಬೇಕು. ಹಿಂದಿನ ವರ್ಷ ನಮ್ಮ ಲಾರಿ ದಾರಿಯಲ್ಲಿ ಕೆಟ್ಟಾಗ ಇದೇ ಓಟಿಸ್ ಭುಜದ ಕವಚಗಳನ್ನು ಕೊಟ್ಟಿದ್ದ. ಏನನ್ನೂ ಬಿಸಾಡದ ನನ್ನ ಕಪಾಟಿನಲ್ಲಿ ಹಳೆಯ ಉದ್ದ ಮೊಳೆಯ ಬೂಟುಗಳ ರಾಶಿಯೇ ಇತ್ತು.

ಅಷ್ಟರಲ್ಲಿ ನಮ್ಮ ಕೋಚ್ ಹೌಗನ್ ಬಂದರು. ವಿಷಯ ಕೇಳಿ ಅವರ ಮುಖ ಅರಳಿತು, ಓಟಿಸನನ್ನು ನಯವಾಗಿ ಹೊರಗೆ ಕಳಿಸಿದರು.

"ಕೊಡಬೇಡ ಕಣಮ್ಮ. ದೇವರು ತಟ್ಟೆಗೆ ಬಡಿಸಿದಾನೆ, ಉಣ್ಣೋಣ."

"ಅವ್ರು ಜಾರಿ ಬಿದ್ದು ನಾವು ಗೆದ್ರೆ ಸೋಮವಾರ ಎಲ್ಡನ್ ಏನಂತಾನೆ? ಕೆಸರು ಗೆದ್ದಿತು ಅಂತಾನೆ. ಈ ಮೈದಾನ ಆಟಕ್ಕೆ ಲಾಯಕ್ಕಿಲ್ಲ ಅಂತ ನಾವೇ ಸಾಕ್ಷಿ ಹೇಳಿದ ಹಾಗಾಗಲ್ವಾ?"

"ಸೋತ್ರೆ?"

"ಸೋತ್ರೆ ಸೋತ್ವಿ."

ಹೇಳುವುದು ಸುಲಭ. ಬಾಗಿಲ ಹಿಂದೆ ಗೆರಿಟ್ ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಅಮ್ಮಾ, ನೀನು ಯಾರ ಕಡೆ? ನಾನು ಆಡೋದು ಇದೊಂದೇ ನೆಲದ ಮೇಲೆ."

ಕುತ್ತಿಗೆಯಲ್ಲಿದ್ದ ಕೀಲಿಕೈ ತೆಗೆದು ಕಪಾಟು ತೆರೆದೆ, ಓಟಿಸನನ್ನು ಒಳಗೆ ಕರೆದೆ. ಓಟಿಸ್ ಒಂದೊಂದೇ ಜೊತೆ ಬೂಟನ್ನು ಎತ್ತಿಕೊಂಡು ಹೋಗುವಾಗ ನನ್ನ ಮಗ ನನ್ನ ಮುಖ ನೋಡಲಿಲ್ಲ. ಕೋಚ್ ಹೌಗನ್ ಮಾತ್ರ ಏನೋ ಗೊಣಗುತ್ತ ಬೂಟಿನ ಲೇಸು ಬಿಡಿಸಿಕೊಟ್ಟರು.

ಆಟ ಶುರುವಾಗುವ ಮೊದಲೇ ಸುದ್ದಿ ಗ್ಯಾಲರಿಯ ತುದಿ ಮುಟ್ಟಿತ್ತು. ಬೀನ್ಸ್-ಮಾಂಸದ ಚಿಲ್ಲಿ ಸಾರು ಮಾರುವ ಡಾರ್ಲೀನ್ ನನಗೆ ಕೇಳುವ ಹಾಗೆಯೇ, "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದಳು. ನನ್ನ ಬೂಟು ಹಾಕಿಕೊಂಡ ಹಾರ್‌ಗ್ರೋವ್ ಹುಡುಗರು ಮೊದಲರ್ಧದಲ್ಲಿ ಚೆನ್ನಾಗಿ ಓಡಿದರು, ಒಬ್ಬನೂ ಜಾರಲಿಲ್ಲ. ಅವರು ಅಂಕ ಗಳಿಸಿದಾಗಲೆಲ್ಲ ಗ್ಯಾಲರಿಯ ಕಣ್ಣುಗಳು ನನ್ನ ಬೆನ್ನನ್ನು ಚುಚ್ಚಿದವು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಯಾರಿಗಾದರೂ ಹೊಡೆಯುತ್ತಿದ್ದೆ, ಇಲ್ಲವೇ ಅತ್ತುಬಿಡುತ್ತಿದ್ದೆ.

ಎರಡನೆಯ ಅರ್ಧದಲ್ಲಿ ನಮ್ಮವರು ಇಂಚಿಂಚಾಗಿ ಹತ್ತಿರ ಬಂದರು. ಆಟ ಮುಗಿಯುವ ಹೊತ್ತಿಗೆ ನಾವು ನಾಲ್ಕು ಅಂಕ ಹಿಂದೆ. ಉಳಿದದ್ದು ಒಂದೇ ದಾರಿ: ಚೆಂಡನ್ನು ಹೊತ್ತು ಕೊನೆಯ ಗೆರೆ ದಾಟಿ ಆರು ಅಂಕ ಗಳಿಸಬೇಕು.

ಚೆಂಡು ಗೆರಿಟ್‌ನ ಕೈಗೆ ಬಂತು. ಎಡಕ್ಕೆ ಓಡಿದ. ಎದುರಿಗೆ ಇಬ್ಬರು, ದನದ ಕೊಟ್ಟಿಗೆಯ ಬಾಗಿಲಿನಷ್ಟು ಅಗಲ ಇದ್ದವರು, ದಾರಿ ಮುಚ್ಚಿದರು. ಆಗ ಅವನು ಆ ಕಾಲನ್ನೇ ಊರಿ ತಟ್ಟನೆ ಬಲಕ್ಕೆ ತಿರುಗಿದ, ಅದೇ ಮೊಣಕಾಲು. ನಾನು ಕಣ್ಣು ಮುಚ್ಚಿಕೊಂಡೆ.

ಕಿರುಚಾಟ ಕೇಳಿ ಕಣ್ಣು ತೆರೆದರೆ ಅವನನ್ನು ಹಿಡಿಯಲು ಹಾರಿದ ಆ ಇಬ್ಬರೂ ನೆಲದ ಮೇಲಿದ್ದರು, ಒಬ್ಬನ ಕೈಯಲ್ಲಿ ಬರೀ ಗಾಳಿ. ಗೆರಿಟ್ ಗೆರೆಯಾಚೆ ಚೆಂಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದ, ಎರಡೂ ಕಾಲ ಮೇಲೆ. ಡಾರ್ಲೀನ್ ಚಿಲ್ಲಿಯ ಸೌಟನ್ನು ಬಿಟ್ಟು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಬ್ಯಾಂಡಿನವರು ಬಾರಿಸಿದರು, ಮುದುಕರು ಬೇಲಿ ಹಾರಿದರು. ಎಷ್ಟೋ ವರ್ಷಗಳ ಮೇಲೆ ಹಾರ್‌ಗ್ರೋವ್ ಸೋತಿತ್ತು. ನಾನು ನಾಚಿಕೆ ಬಿಟ್ಟು ಅತ್ತೆ.

ಜನ ಕರಗಿದ ಮೇಲೆ ಚೆಲ್ಲಾಪಿಲ್ಲಿಯಾದ ಟವಲ್ಲುಗಳನ್ನು ಆರಿಸಲು ಮೈದಾನಕ್ಕೆ ಇಳಿದೆ. ಗೆರಿಟ್ ತಿರುಗಿದ ಜಾಗದಲ್ಲಿ ಎಲ್ಡನ್ ಹೋಕ್‌ಸ್ಟ್ರಾ ಬಗ್ಗಿ ನಿಂತಿದ್ದ. ಅಲ್ಲಿ ಒಂದು ಹಿಡಿ ಹುಲ್ಲು ಬೇರು, ಮಣ್ಣು ಸಮೇತ ಕಿತ್ತುಬಂದು ಮಗುಚಿ ಬಿದ್ದಿತ್ತು. ಬೂಟಿನ ಗುರುತು ಉದ್ದಕ್ಕೆ ಎಳೆದುಕೊಂಡಿತ್ತು.

"ಆವತ್ತು ಇವನ ಕಾಲು ಹೀಗೇ ತಿರುಗಿತ್ತಾ?" ಎಂದು ಕೇಳಿದ.

"ಹೀಗೇ. ಆವತ್ತು ನೆಲ ಬಿಟ್ಟುಕೊಡಲಿಲ್ಲ. ಹುಡುಗನ ಮೊಣಕಾಲು ಹರೀತು."

ಅವನು ಬೂಟಿನ ಗುರುತಿನ ಉದ್ದಕ್ಕೂ ಬೆರಳಾಡಿಸಿದ. ಆಮೇಲೆ ಹೇಳಿದ, "ನೀನು ಬೂಟು ಕೊಡದೆ ಇದ್ದಿದ್ರೆ ಸೋಮವಾರ ನನ್ನ ಕೆಲಸ ಸುಲಭ ಆಗ್ತಿತ್ತು, ಮಾರ್ಲಿಸ್. ಒಬ್ಬನಾದ್ರೂ ಜಾರಲಿ ಅಂತ ಕಾಯ್ತಾನೇ ಇದ್ದೆ."

"ಜಾರಲಿಲ್ಲ."

"ಇಲ್ಲ, ಜಾರಲಿಲ್ಲ. ಗೆಲುವು ನಿಮ್ದೇ." ಅವನು ಕಿತ್ತುಬಂದ ಹುಲ್ಲನ್ನು ಎತ್ತಿ ಅದರ ಗುಂಡಿಗೆ ಇಟ್ಟು ಹಿಮ್ಮಡಿಯಿಂದ ಒತ್ತಿದ. "ನನ್ನ ಮೊಮ್ಮಗಳು ಬ್ಯಾಂಡಲ್ಲಿ ಕಹಳೆ ಊದ್ತಾಳೆ. ಅವಳು ಮಳೇಲೂ ಇಲ್ಲಿ ನಿಲ್ಲಬೇಕು. ನೀರು ಇಂಗೋಕೆ ಅಡಿಯಲ್ಲಿ ಪೈಪು ಹಾಕಿಸಿದ್ರೆ ಆಗುತ್ತಲ್ವಾ?"

"ಆಗುತ್ತೆ."

"ಹಾಗಾದ್ರೆ ನನ್ನ ದುಡ್ಡು ಪೈಪಿಗೆ. ಪ್ಲಾಸ್ಟಿಕ್ಕಿಗಿಲ್ಲ. ಸೋಮವಾರ ನಾನೇ ಹೇಳ್ತೀನಿ, ನೀನು ಬಂದು ಗಲಾಟೆ ಮಾಡಬೇಡ."

ಗಲಾಟೆ ಮಾಡಲಿಲ್ಲ. ಅವನ ಕೆಸರು ಮೆತ್ತಿದ ಕೋಟನ್ನು ತಬ್ಬಿಕೊಂಡುಬಿಟ್ಟೆ. ಆಮೇಲೆ ಅದನ್ನೂ ಒಗೆಯಲು ಇಸಿದುಕೊಂಡೆ.

ಒಗೆಯುವ ಕೋಣೆಗೆ ಬಂದಾಗ ಓಟಿಸ್ ನನ್ನ ಬೂಟುಗಳನ್ನೆಲ್ಲ ಕೆಸರು ತೊಳೆದು ಸಾಲಾಗಿ ಜೋಡಿಸಿ ಹೋಗಿದ್ದ. ಗೆರಿಟ್ ಮೆಷಿನ್ನಿನ ಮೇಲೆ ಕುಳಿತು ಕಾಲು ಆಡಿಸುತ್ತಿದ್ದ. ಸುದ್ದಿ ಹೇಳಿದೆ. ಕಾಲು ಆಡಿಸುವುದು ನಿಂತಿತು. ಒಂದು ಗಳಿಗೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತ.

"ಅಂದ್ರೆ ಮುಂದಿನ ವರ್ಷ ನಾನು ಆಡ್ತೀನಿ."

"ಆಡ್ತೀಯಾ."

"ಬೆಳಿಗ್ಗೆ ನೀನು ಯಾರ ಕಡೆ ಅಂತ ಕೇಳಿದ್ದೆ, ಅಮ್ಮ."

"ಹುಲ್ಲಿನ ಕಡೆ ಕಣೋ," ಎಂದೆ. "ಈಗ ಆ ಪ್ಯಾಂಟು ಬಿಚ್ಚಿ ಹಾಕು. ಒಣಗಿದ್ರೆ ಕಲೆ ಹೋಗಲ್ಲ."

ಅವನು ನಗುತ್ತ ಬಿಚ್ಚಿ ಎಸೆದ. ಮೊಣಕಾಲಿನಿಂದ ತೊಡೆಯವರೆಗೆ ಹಸಿರೋ ಹಸಿರು. ನಾನು ವಿನಿಗರಿನ ಬಾಟಲಿಯನ್ನು ಕೈಗೆತ್ತಿಕೊಂಡೆ, ಆದರೆ ಅದನ್ನು ಸುರಿಯಲು ಆವತ್ತು ಸ್ವಲ್ಪ ಹೊತ್ತು ಹಿಡಿಯಿತು.