ಬಾಳಿಗರು ಇಳಿಸಿದ ವಿಮಾನ

ಬಾಳಿಗರ ಬಲಗೈ ಮೇಜಿನ ಮೇಲೆ ಹಾರುತ್ತಿತ್ತು. ಬೆರಳು ಜೋಡಿಸಿದ ಆ ಅಂಗೈ ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ನಡುಗಿ, ಸಕ್ಕರೆ ಡಬ್ಬಿಯನ್ನು ದಾಟಿ ಚಹದ ಲೋಟಗಳ ನಡುವೆ ಮೆತ್ತಗೆ ಇಳಿಯುತ್ತಿತ್ತು. ಸುತ್ತ ಕೂತವರು ಹಿಡಿದ ಉಸಿರು ಬಿಡುತ್ತಿದ್ದರು. ನಾನು ಎರಡು ಮೇಜಿನಾಚೆ ಕೂತು ಬನ್ನು ತಿನ್ನುತ್ತಾ ಆ ಕೈಯನ್ನು ನೋಡುತ್ತಿದ್ದೆ. ಹದಿನಾರು ವರ್ಷ ನೋಡಿದೆ. ಅಷ್ಟು ತಾತ್ಸಾರದಿಂದ ಬೇರಾವ ಕೈಯನ್ನೂ ನಾನು ನೋಡಿದ್ದಿಲ್ಲ.

ಊರಂಚಿನ ಹುಲ್ಲುಬಯಲಿನಲ್ಲಿ ಒಂದು ಓಡುದಾರಿ, ತಗಡಿನ ಹ್ಯಾಂಗರು, ಮೂರು ಸಣ್ಣ ವಿಮಾನ, ಒಂದು ಕ್ಯಾಂಟೀನು. ನಮ್ಮ ಹಾರಾಟದ ಕ್ಲಬ್ಬೆಂದರೆ ಇಷ್ಟೇ. ಬೆಳಿಗ್ಗೆ ಅರ್ಧ ಗಂಟೆ ಹಾರುವುದು, ಬಿಸಿಲೇರಿದ ಮೇಲೆ ಮೂರು ಗಂಟೆ ಅದನ್ನು ಹೇಳಿಕೊಳ್ಳುವುದು. ಆ ಮಾತುಗಳಲ್ಲಿ ಗಾಳಿಯೆಲ್ಲ ಬಿರುಗಾಳಿ, ಮೋಡವೆಲ್ಲ ಕಾರ್ಮೋಡ. ನಾನಾಗ ಇಪ್ಪತ್ತಮೂರರವಳು, ಅಲ್ಲಿದ್ದ ಒಬ್ಬಳೇ ಹೆಣ್ಣು. ಉಳಿದವರಿಗೆ ಹಾರಾಟ ಶೋಕಿ. ನನಗೆ ಅದರಿಂದಲೇ ಹೊಟ್ಟೆ ಹೊರೆಯಬೇಕಿತ್ತು. ಹಾಗಾಗಿ ಅವರೆಲ್ಲರನ್ನೂ ಒಂದು ಮೆಟ್ಟಿಲು ಮೇಲಿನಿಂದ ನೋಡುತ್ತಿದ್ದೆ. ವಾಮನ ಬಾಳಿಗರನ್ನಂತೂ ಮಹಡಿಯ ಮೇಲಿನಿಂದ.

ಬಾಳಿಗರದು ಪೇಟೆಯಲ್ಲಿ ಜವಳಿ ಅಂಗಡಿ. ಐವತ್ತರ ಹತ್ತಿರ ಬಂದ ಮೇಲೆ ಹಾರಲು ಕಲಿತವರು. ಕಪ್ಪೆ ಕುಪ್ಪಳಿಸಿದಂತೆ ವಿಮಾನ ಇಳಿಸುತ್ತಿದ್ದರು. "ಬಾಳಿಗರೇ, ಒಂದು ಸಲ ಇಳಿದರೆ ಸಾಕು, ಮೂರು ಸಲ ಬೇಡ" ಎಂದು ನಮಗೆ ಕಲಿಸುತ್ತಿದ್ದ ಕ್ಯಾಪ್ಟನ್ ಮುದ್ದಯ್ಯ ಗದರುತ್ತಿದ್ದರು. ಬಾಳಿಗರು ಅದಕ್ಕೂ ನಗುತ್ತಿದ್ದರು. ಬೈಸಿಕೊಂಡು ನಗುವ ಗಂಡಸರನ್ನು ಕಂಡರೆ ನನಗಾಗದು.

ನನಗೆ ಲೈಸೆನ್ಸು ಸಿಕ್ಕಿ ತಿಂಗಳಾಗಿತ್ತು. ಮುಂದಿನ ದೊಡ್ಡ ಪರೀಕ್ಷೆಗೆ ಮೂರು ವಾರವಿತ್ತು. ಅದರಲ್ಲಿ ಗೆದ್ದರೆ ಹಾರಾಟವೇ ನೌಕರಿ. ಅಂದು ಬೆಳಿಗ್ಗೆ ಅಭ್ಯಾಸಕ್ಕೆಂದು ದೂರದ ಹಾರಾಟಕ್ಕೆ ಹೊರಟಿದ್ದೆ. ಬಾಳಿಗರು, "ನಾನೂ ಬರಲಾ? ಸುಮ್ಮನೆ ಕೂತಿರುತ್ತೇನೆ" ಎಂದರು. ಬೇಡವೆನ್ನಲು ನೆಪ ಸಿಗಲಿಲ್ಲ.

ಹೋಗಿ ಮರಳುವಾಗ, ಕೆರೆಯ ಮೇಲೆ ತಗ್ಗಿ ಹಾರುತ್ತಿದ್ದಾಗ, ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯಿತು. ಎತ್ತರವಿರಲಿಲ್ಲ. ಯೋಚಿಸಲು ವೇಳೆಯೂ ಇರಲಿಲ್ಲ. ಎದುರಿಗೆ ಕೊಯ್ಲಾದ ಜೋಳದ ಹೊಲ ಕಂಡಿತು; ವಿಮಾನದ ಮೂತಿ ಅತ್ತ ತಿರುಗಿಸಿದೆ. ಪಕ್ಕದಲ್ಲಿ ಬಾಳಿಗರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳುತ್ತಿದ್ದರು. ಗಾಲಿಗಳು ಕೂಳೆಯನ್ನು ಮುರಿಯುತ್ತಾ ಓಡಿ, ಬದುವಿಗೆ ಹತ್ತು ಮಾರು ಉಳಿದಿರುವಂತೆ ವಿಮಾನ ನಿಂತಿತು. ಒಂದು ತಿರುಪು ಕೂಡ ಸಡಿಲಾಗಿರಲಿಲ್ಲ.

ನಾನು ಇಳಿದು ಬದುವಿನಾಚೆ ಹೋಗಿ ವಾಂತಿ ಮಾಡಿಕೊಂಡೆ. ಮರಳಿ ಬಂದಾಗ ಬಾಳಿಗರು ನನ್ನ ಸೀಟಿನ ಬುಡಕ್ಕೆ ಬಾಗಿ ಏನನ್ನೋ ನೋಡುತ್ತಿದ್ದರು. "ಕನ್ನಡಕ ಹುಡುಕ್ತಿದ್ದೆ" ಎಂದರು. ತನ್ನ ಜೇಬಿನಲ್ಲೇ ಇರುವುದು ನೆನಪಿಲ್ಲದಷ್ಟು ಹೆದರಿದ್ದಾನಲ್ಲ ಎಂದು ನನಗೆ ಹೇಸಿಗೆಯಾಯಿತು.

ಜೀಪಿನಲ್ಲಿ ಬಂದ ಮುದ್ದಯ್ಯನವರು, "ಯಾರು ನಡೆಸ್ತಿದ್ದದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬಾಳಿಗರು, "ನಾನು" ಎಂದುಬಿಟ್ಟರು. "ಇವರು ಸುಮ್ಮನೆ ಪಕ್ಕದಲ್ಲಿ ಕೂತಿದ್ದರು."

ಅಲ್ಲವೆಂದು ಹೇಳಬಹುದಿತ್ತು. ಆದರೆ ಇಂಥವನ ಜೊತೆ ಬಾಯಿಜಗಳಕ್ಕೆ ಇಳಿಯುವುದು ಕೀಳೆನಿಸಿತು. ಮಾಡಿದ ಸಾಹಸ ನನ್ನೊಳಗಿದೆ, ಸಿಪ್ಪೆಯನ್ನು ಇವನು ಕದ್ದುಕೊಳ್ಳಲಿ ಎಂದುಕೊಂಡೆ. ಆ ಸಿಟ್ಟಿನಲ್ಲಿ ಒಂದು ಸುಖವೂ ಇತ್ತು.

ಆಮೇಲೆ ಬಾಳಿಗರು ಒಂದು ವರ್ಷ ಹಾರಲಿಲ್ಲ. ರಕ್ತದೊತ್ತಡ ಎಂದರು. ಹೆದರಿಕೆಗೆ ಒಳ್ಳೆಯ ಹೆಸರು ಸಿಕ್ಕಿತು ಎಂದುಕೊಂಡೆ. ಹಾರದಿದ್ದರೂ ಕ್ಯಾಂಟೀನಿಗೆ ತಪ್ಪಲಿಲ್ಲ. ಅಂಗೈ ಮೇಜಿನ ಮೇಲೆ ಹಾರತೊಡಗಿದ್ದು ಆಗಲೇ. ಮೊದಲು ಬರೀ ಹೊಲವಿತ್ತು. ಐದನೆಯ ವರ್ಷಕ್ಕೆ ಹೊಲದಲ್ಲಿ ಎಮ್ಮೆಗಳು ಬಂದವು, ಎಂಟನೆಯ ವರ್ಷಕ್ಕೆ ಎಮ್ಮೆಗಳ ಮೇಲೆ ಮಕ್ಕಳು. ನಾನು ಪರೀಕ್ಷೆ ಗೆದ್ದು, ಬೇರೆ ಊರುಗಳಲ್ಲಿ ಹಾರಿ, ಕೊನೆಗೆ ಕಲಿಸುವವಳಾಗಿ ಇಲ್ಲಿಗೇ ಮರಳಿದೆ. ನಡುವೆ ಬಂದಾಗಲೆಲ್ಲ ಆ ಕೈ ಇಳಿಯುತ್ತಲೇ ಇತ್ತು.

ಮುದ್ದಯ್ಯನವರು ನಿವೃತ್ತರಾದ ದಿನ ಕಪಾಟಿನ ಬೀಗದಕೈ ನನಗೆ ಕೊಟ್ಟು, ಹಳೆಯ ಕಡತವೊಂದನ್ನು ತಾವೇ ಎಳೆದು ಮುಂದಿಟ್ಟರು. "ಇದನ್ನ ಓದು. ನಾನಿರುವಾಗಲೇ ಓದು."

ಜೋಳದ ಹೊಲದಲ್ಲಿ ಇಳಿದ ದಿನ ಮೆಕ್ಯಾನಿಕ್ ಬರೆದ ವರದಿ. ಎಡರೆಕ್ಕೆಯ ಇಂಧನದ ಟ್ಯಾಂಕು ಪೂರ್ತಿ ಖಾಲಿ. ಬಲರೆಕ್ಕೆಯದು ತುಂಬಿದೆ. ಟ್ಯಾಂಕು ಬದಲಿಸುವ ಹಿಡಿ ಎಡಕ್ಕೇ ಇದೆ. ಎಂಜಿನ್ನಿನಲ್ಲಿ ದೋಷವಿಲ್ಲ. ಅದರ ಕೆಳಗೆ ಬಾಳಿಗರ ಗುಂಡಗಿನ ಅಕ್ಷರ: ವಿಮಾನ ನಡೆಸುತ್ತಿದ್ದವನು ನಾನು. ಅರ್ಧ ಗಂಟೆಗೊಮ್ಮೆ ಟ್ಯಾಂಕು ಬದಲಿಸಬೇಕಿತ್ತು. ಮರೆತೆ.

ಆ ಹಿಡಿ ಎಡಸೀಟಿನ ಬುಡದಲ್ಲಿ, ಮೊಣಕಾಲ ಬಳಿ ಇರುತ್ತದೆ. ಎಡಸೀಟಿನಲ್ಲಿದ್ದವಳು ನಾನು. ಬದಲಿಸಿದ್ದೇನೆಂದೇ ಹದಿನಾರು ವರ್ಷ ನಂಬಿದ್ದೆ.

"ನಿಮಗೆ ಗೊತ್ತಿತ್ತಾ?" ಎಂದೆ.

"ಆವತ್ತೇ. ಮೂರು ಕಂತಲ್ಲಿ ಇಳಿಸೋ ಮನುಷ್ಯ ಆ ಹೊಲದಲ್ಲಿ ಇಳಿಸಿದ ಅಂದ್ರೆ ನಂಬೋಕೆ ನಾನೇನು ಎಳೆಮಗುವಾ? ಆ ವರದಿ ನಿನ್ನ ಹೆಸರಲ್ಲಿ ಹೋಗಿದ್ರೆ ಪರೀಕ್ಷೆಗೇ ಕೂರಿಸ್ತಿರಲಿಲ್ಲ. 'ಅವಳಿಗೆ ಇದೇ ಅನ್ನ, ನಾನು ಸೀರೆ ಮಾರೋನು' ಅಂದ ಬಾಳಿಗ. ಶಿಕ್ಷೆ ಅಂತ ಒಂದು ವರ್ಷ ಹಾರದೆ ನೆಲದಲ್ಲಿ ಕೂತ. ನಾನು ಸಹಿ ಹಾಕಿದೆ. ತಪ್ಪೇ ಅದು."

ಕ್ಯಾಂಟೀನಿಗೆ ಹೋದೆ. ಬಾಳಿಗರು ನನ್ನ ಹೊಸ ವಿದ್ಯಾರ್ಥಿಗಳಿಗೆ ಅದೇ ಕತೆ ಹೇಳುತ್ತಿದ್ದರು. ಎಮ್ಮೆಗಳು ಬಂದಿದ್ದವು, ಮಕ್ಕಳು ಇನ್ನೂ ಬಂದಿರಲಿಲ್ಲ. ಕೈ ಸಕ್ಕರೆ ಡಬ್ಬಿಯ ಮೇಲಿತ್ತು. ನಾನು ಕುರ್ಚಿ ಎಳೆದು ಎದುರು ಕೂತೆ.

"ನಡೆಸುತ್ತಿದ್ದವಳು ನಾನು" ಎಂದೆ. "ಟ್ಯಾಂಕು ಬದಲಿಸಲು ಮರೆತೆ. ಹಿಡಿ ತಿರುಗಿಸಿದ್ದರೆ ಎಂಜಿನ್ನು ನಿಲ್ಲುತ್ತಲೇ ಇರಲಿಲ್ಲ. ತಪ್ಪನ್ನು ಇವರು ತಮ್ಮ ಮೇಲೆ ಹಾಕಿಕೊಂಡರು."

ಬಾಳಿಗರ ಕೈ ಮೆಲ್ಲನೆ ತೊಡೆಯ ಮೇಲೆ ಹೋಯಿತು.

"ನಿಮಗೆ ಕತೆ ಹೇಳೋಕೆ ಬರೋಲ್ಲ" ಎಂದರು, ನಿಜವಾಗಿ ಬೇಸರದಿಂದ. ಆಮೇಲೆ ಮುಂದೆ ಬಾಗಿ, ನನಗೊಬ್ಬಳಿಗೇ ಕೇಳುವಂತೆ, "ಪ್ರತಿ ಸಲ ಹೇಳುವಾಗಲೂ ನಿಮ್ಮ ಮುಖ ನೋಡ್ತಿದ್ದೆ. ಮುಖದಲ್ಲಿ ಆ ತಾತ್ಸಾರ ಇದ್ದಷ್ಟು ದಿನ ನಿಮಗೆ ಗೊತ್ತಾಗಿಲ್ಲ ಅಂತ ಸಮಾಧಾನ" ಎಂದರು.

ಕ್ಷಮಿಸಿ ಎನ್ನಲು ಹೊರಟೆ. ನಾಲಿಗೆಗೆ ಅದರ ಅಭ್ಯಾಸವಿರಲಿಲ್ಲ. ಅವರ ಲೋಟ ಖಾಲಿಯಾಗಿತ್ತು. ಎದ್ದುಹೋಗಿ ಎರಡು ಚಹ ತಂದೆ.

ಅಷ್ಟರಲ್ಲಿ ಮರುಗಂಟೆ ಹಾರಬೇಕಿದ್ದ ನಫೀಸಾ ಎಂಬ ಹುಡುಗಿ ಸದ್ದಿಲ್ಲದೆ ಎದ್ದು ವಿಮಾನದ ಬಳಿ ಹೋಗಿದ್ದಳು. ನಾವಿಬ್ಬರೂ ಕಿಟಕಿಯಿಂದ ನೋಡಿದೆವು. ಅವಳು ಎಡರೆಕ್ಕೆಯ ಟ್ಯಾಂಕಿನ ಮುಚ್ಚಳ ತಿರುಪಿ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದಳು. ಆಮೇಲೆ ಮೂತಿಯನ್ನು ಬಳಸಿ ಸುತ್ತುಹಾಕಿ ಬಂದು, ಬಿಸಿಲಲ್ಲಿ ಕಾದ ಬಲರೆಕ್ಕೆಯ ಮೇಲೆ ಅಂಗೈ ಊರಿ, ಅದರ ಮುಚ್ಚಳವನ್ನೂ ತೆಗೆದಳು.